ಗುರುವಾರದ ಸಕ್ಕರೆ

ವೆಂಕಟಲಕ್ಷ್ಮಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತದೆ, ನಡಿಗೆ ಜೋರಾಗುತ್ತದೆ. ಚೆನ್ನೈನ ಕೊರುಕ್ಕುಪೇಟೆಯ ರೈಲ್ವೆ ಗೇಟಿನ ಈಚೆ ಬೀದಿಯವರಿಗೆಲ್ಲ ಇದು ಗೊತ್ತು. ಆ ಸೋಮವಾರ ಬೆಳಿಗ್ಗೆ ಅವಳು ಒಂದು ಕೈಯಲ್ಲಿ ಲ್ಯಾಬಿನ ಕಾಗದ, ಇನ್ನೊಂದು ಕೈಯಲ್ಲಿ ರಟ್ಟಿನ ನೋಟುಬುಕ್ಕು ಹಿಡಿದು ಕ್ಲಿನಿಕ್ಕಿಗೆ ಹೊರಟ ವೇಗ ನೋಡಿ ಹೂವಿನವಳು ತನ್ನ ಬುಟ್ಟಿಯನ್ನು ಬದಿಗೆ ಎಳೆದುಕೊಂಡಳು. ಗಂಡ ಜಯರಾಮ ಬಾಗಿಲಲ್ಲಿ ನಿಂತು "ತಿಂಡಿ?" ಎಂದ. ಉತ್ತರ ಬರಲಿಲ್ಲ. ತಾನೇ ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವನು ಕಲಿತ ಪಾಠಗಳಲ್ಲಿ ಇದೂ ಒಂದು.

ಕಾಗದದಲ್ಲಿ ಹನ್ನೊಂದು ಜನರ ಹೆಸರಿತ್ತು. ಗೇಟಿನ ಆಚೆಗಿರುವ ಹೌಸಿಂಗ್ ಬೋರ್ಡಿನ ಹದಿನಾಲ್ಕನೆಯ ಬ್ಲಾಕಿನವರು, ಎಲ್ಲರೂ ಸಕ್ಕರೆ ಕಾಯಿಲೆಯವರು. ವೆಂಕಟಲಕ್ಷ್ಮಿ ಪ್ರತಿ ಗುರುವಾರ ಅವರ ಬೆರಳು ಚುಚ್ಚಿ ಸಕ್ಕರೆ ನೋಡುವವಳು. ಬೆರಳು ಚುಚ್ಚಿದರೆ ಆ ಗಳಿಗೆಯ ಸಕ್ಕರೆ ಮಾತ್ರ ತಿಳಿಯುತ್ತದೆ. ಈ ಸಲ ಡಾಕ್ಟರು ತೋಳಿನಿಂದ ರಕ್ತ ತೆಗೆಸಿ, ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಮಾಡಿಸಿದ್ದರು. ಅದು ಏಳರ ಒಳಗಿದ್ದರೆ ನೆಮ್ಮದಿ. ಇಡ್ಲಿ ಮಾರುವ ಸಣ್ಣಮ್ಮನ ಹೆಸರಿನ ಮುಂದೆ ಹನ್ನೊಂದೂವರೆ ಎಂದಿತ್ತು. ಉಳಿದವರಲ್ಲಿ ಎಂಟು ಜನ ಒಂಬತ್ತು, ಹತ್ತು, ಹತ್ತೂವರೆ. ಆದರೆ ವೆಂಕಟಲಕ್ಷ್ಮಿಯ ನೋಟುಬುಕ್ಕಿನಲ್ಲಿ ಅದೇ ಸಣ್ಣಮ್ಮನ ಸಕ್ಕರೆ ವಾರವಾರವೂ ನೂರ ಹನ್ನೆರಡು, ನೂರ ಎಂಟು, ನೂರ ಹದಿನೈದು. ಕಾಯಿಲೆ ಇಲ್ಲದವರೂ ನಾಚಬೇಕು, ಅಂಥ ಲೆಕ್ಕ.

"ಮೇಡಂ, ನಿಮ್ಮ ಲ್ಯಾಬಿನೋರು ಟ್ಯೂಬು ಅದಲುಬದಲು ಮಾಡವ್ರೆ," ಎಂದಳು ಕಾಗದವನ್ನು ಮೇಜಿನ ಮೇಲಿಟ್ಟು.

ಡಾಕ್ಟರ್ ಮಾನಸ ಮೈಸೂರಿನ ಕಡೆಯ ಹುಡುಗಿ. ಗಂಡನ ಕೆಲಸದಿಂದಾಗಿ ಚೆನ್ನೈಗೆ ಬಂದು, ಬೆಸೆಂಟ್ ನಗರದಲ್ಲಿ ಮನೆ ಮಾಡಿ, ಅಲ್ಲಿಂದ ಒಂದೂವರೆ ಗಂಟೆ ಪ್ರಯಾಣ ಮಾಡಿ ಬಡವರಿಗಾಗಿ ಟ್ರಸ್ಟೊಂದು ನಡೆಸುವ ಈ ಎರಡು ಕೋಣೆಯ ಕ್ಲಿನಿಕ್ಕಿಗೆ ಬರುತ್ತಾಳೆ. ಅವಳು ಕಾಗದ ನೋಡಿದಳು, ನೋಟುಬುಕ್ಕು ನೋಡಿದಳು.

"ಒಬ್ಬರದು ಬದಲಾಗಬಹುದು ವೆಂಕಟಲಕ್ಷ್ಮಮ್ಮ. ಒಂಬತ್ತು ಜನರದ್ದಾ?"

"ಇಡೀ ಸ್ಟ್ಯಾಂಡೇ ಬದಲಾಗಿರ್ತದೆ. ಅವ್ರಿಗೆ ನಮ್ಮೋರ ರಕ್ತ ಅಂದ್ರೆ ಅಷ್ಟಕ್ಕಷ್ಟೆ."

"ಸಣ್ಣಮ್ಮನ ಕಾಲು ನೋಡಿದ್ರಾ ಈ ವಾರ?"

ವೆಂಕಟಲಕ್ಷ್ಮಿ ಕಾಗದದ ಕಡೆ ಕಣ್ಣು ತಿರುಗಿಸಿದಳು. ನೋಡಿದ್ದಳು. ಸಣ್ಣಮ್ಮನ ಬಲಗಾಲಿನ ಕಿರುಬೆರಳಿನ ಪಕ್ಕದಲ್ಲಿ ಚಪ್ಪಲಿ ಕಚ್ಚಿ ಆದ ಗಾಯ ಎರಡು ತಿಂಗಳಾದರೂ ಆರದೆ, ಈಗ ಬೆರಳಿನ ತುದಿ ಕಪ್ಪಾಗತೊಡಗಿತ್ತು. ದೊಡ್ಡಾಸ್ಪತ್ರೆಯ ಸರ್ಜನ್ ಎರಡು ವಾರ ಕೊಟ್ಟಿದ್ದರು. ಗಾಯ ಮೇಲಕ್ಕೆ ಹಬ್ಬಿದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದಿದ್ದರು. "ಸಕ್ಕರೆ ಹಿಡಿತದಲ್ಲಿದೆಯಾ?" ಎಂದು ಅವರು ಕೇಳಿದಾಗ ವೆಂಕಟಲಕ್ಷ್ಮಿಯೇ ಎದೆ ಉಬ್ಬಿಸಿ ನೋಟುಬುಕ್ಕು ತೋರಿಸಿದ್ದಳು. ಆ ಲೆಕ್ಕ ನೋಡಿಯೇ ಮಾನಸಳೂ ಔಷಧಿ ಹೆಚ್ಚಿಸಿರಲಿಲ್ಲ.

"ನೀವು ಗುರುವಾರ ಬಿಟ್ಟು ಬೇರೆ ದಿನ ಆ ಬ್ಲಾಕಿಗೆ ಹೋಗಿದ್ದೀರಾ?" ಎಂದು ಮಾನಸ ಕೇಳಿದಳು.

ಎಂಥ ಪ್ರಶ್ನೆ! ವೆಂಕಟಲಕ್ಷ್ಮಿ ನೋಟುಬುಕ್ಕು ಎತ್ತಿಕೊಂಡು ಹೊರಗೆ ಬಂದಳು. ಇಂಥ ಅನುಮಾನ ಪಡುವವರು ಒಂದು ಸಲ ಆ ಗೇಟು ದಾಟಿ ನೋಡಲಿ. ಎಣ್ಣೂರು ಬಂದರಿನ ಕಡೆಯ ಗೂಡ್ಸ್ ಗಾಡಿಗಳಿಗೆ ಕೊನೆ ಮೊದಲಿಲ್ಲ. ಒಮ್ಮೆ ಗೇಟು ಬಿದ್ದರೆ ಅರ್ಧ ಗಂಟೆ, ಒಂದು ಹೋಯಿತೆನ್ನುವಷ್ಟರಲ್ಲಿ ಇನ್ನೊಂದು. ವಾರಕ್ಕೊಂದು ದಿನ ಆ ಕಡೆ ಹೋಗಿಬರುವುದೇ ಒಂದು ಯಾತ್ರೆ.

ಅವಳ ಸಿಟ್ಟಿಗೆ ಹಳೆಯ ಬೇರಿತ್ತು. ಕೊಳ್ಳೇಗಾಲದಿಂದ ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಬಂದವಳು ಅವಳು. ಗಂಡನಿಗೆ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ. ಅತ್ತೆ ಪುಟ್ಟತಾಯಮ್ಮನಿಗೆ ಸಕ್ಕರೆ ಕಾಯಿಲೆ. ಅತ್ತೆ ಹಾಸಿಗೆಯ ಕೆಳಗೆ ಬೆಲ್ಲದುಂಡೆ ಬಚ್ಚಿಡುತ್ತಿದ್ದರು, ಇವಳು ಹುಡುಕಿ ತೆಗೆಯುತ್ತಿದ್ದಳು, ಮರುದಿನ ಬೆಲ್ಲ ಅಕ್ಕಿ ಡಬ್ಬಕ್ಕೆ ಹೋಗುತ್ತಿತ್ತು. ಇವಳು ಚಾಪೆ ಕೆಳಗೆ ತೂರಿದರೆ ಅತ್ತೆ ರಂಗೋಲಿ ಕೆಳಗೆ ತೂರುವವರು. ಕೊನೆಗೆ ಆಸ್ಪತ್ರೆಯಲ್ಲಿ ಅವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಾಲ್ಕು ವರ್ಷ ಆ ಮೊಂಡು ಕಾಲಿನ ಗಾಯ ತೊಳೆದು ಕಟ್ಟಿದವಳು ವೆಂಕಟಲಕ್ಷ್ಮಿ. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದ ಮೇಲೆ, ಟ್ರಸ್ಟಿನವರು ಎಸ್ಸೆಸ್ಸೆಲ್ಸಿ ಆದ ಹೆಂಗಸರು ಬೇಕು, ಬಡವರ ಬ್ಲಾಕುಗಳಲ್ಲಿ ಸಕ್ಕರೆ, ಪ್ರೆಶರು ನೋಡುವ ಕೆಲಸ ಕಲಿಸುತ್ತೇವೆ ಎಂದಾಗ ಅವಳು ಮೊದಲಿಗಳಾಗಿ ನಿಂತಳು. ಇನ್ನೊಬ್ಬರ ಕಾಲು ಹೋಗುವುದನ್ನು ನೋಡಲಾರೆ ಎಂಬುದು ಅವಳ ಹಟ.

ಹಟ ಇದ್ದರೆ ಸಾಲದು ಎಂದು ಮೊದಲ ತಿಂಗಳಲ್ಲೇ ಗೊತ್ತಾಯಿತು. ಎಗ್ಮೋರಿನ ಹೆಡ್ಡಾಫೀಸಿನಿಂದ ಬಣ್ಣದ ಹಾಳೆಗಳು ಬಂದವು. ಬೆಳಿಗ್ಗೆ ಓಟ್ಸ್ ಗಂಜಿ, ಹನ್ನೊಂದಕ್ಕೆ ಒಂದು ಸೇಬು, ನಾಲ್ಕು ಬಾದಾಮಿ, ಸಂಜೆ ನಲವತ್ತು ನಿಮಿಷ ಹಸಿರಿನ ನಡುವೆ ನಡಿಗೆ. ಹಸಿರು! ಆ ಬ್ಲಾಕಿನ ಮುಂದೆ ಲಾರಿ ನಿಲ್ಲುವ ರಸ್ತೆ, ಹಿಂದೆ ಕಪ್ಪು ನೀರಿನ ಕಾಲುವೆ. ಮೇಲಿನ ಮಹಡಿಯವರು ಹತ್ತು ಕೊಡ ನೀರು ಹೊತ್ತು ನಾಲ್ಕು ಮಹಡಿ ಏರುತ್ತಾರೆ. ಅವರಿಗೆ ನಡಿಗೆಯ ಉಪದೇಶ ಮಾಡುವವರ ಬಾಯಿಗೆ ಮಣ್ಣು ಹಾಕಬೇಕು. ರೇಷನ್ ಅಕ್ಕಿಯಲ್ಲಿ ಬದುಕುವವರ ಮುಂದೆ ಬಾದಾಮಿಯ ಚಿತ್ರ ಹಿಡಿದು ನಿಲ್ಲುವಾಗ ಅವಳಿಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಆ ಹಾಳೆಗಳನ್ನು ಅವಳು ಬೀರುವಿನ ಅರೆಗಳಿಗೆ ಹಾಸಿಬಿಟ್ಟಳು.

ಮತ್ತೆ ತನ್ನದೇ ಒಂದು ಉಪಾಯ ಹೂಡಿದಳು. ಬ್ಲಾಕಿನ ಮೆಟ್ಟಿಲ ಕೆಳಗಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಎಲ್ಲರ ಹೆಸರು ಬರೆದಳು. ಗುರುವಾರ ಬೆಳಿಗ್ಗೆ ಬರಿಹೊಟ್ಟೆಯ ಸಕ್ಕರೆ ನೂರ ಮೂವತ್ತರ ಒಳಗೆ ಬಂದವರ ಹೆಸರಿನ ಮುಂದೆ ಒಂದು ಕುಂಕುಮದ ಬೊಟ್ಟು. ತಿಂಗಳಲ್ಲಿ ನಾಲ್ಕು ಬೊಟ್ಟು ಬಂದರೆ ಹೆಂಗಸರಿಗೆ ಒಂದು ಮೊಳ ಮಲ್ಲಿಗೆ, ಗಂಡಸರಿಗೆ ಎರಡು ನಿಂಬೆಹಣ್ಣು. ಮಲ್ಲಿಗೆ ಅವಳ ಸ್ವಂತ ಖರ್ಚು.

ಅದು ಹಿಡಿಯಿತು ನೋಡಿ. ಮೊದಲ ತಿಂಗಳು ಮೂರು ಬೊಟ್ಟಿತ್ತು, ಮೂರನೆಯ ತಿಂಗಳಿಗೆ ಹಾಳೆಯೆಲ್ಲ ಕೆಂಪಾಯಿತು. ಹೆಡ್ಡಾಫೀಸಿನ ಪ್ರಮೋದ್, ಎಲ್ಲ ಬ್ಲಾಕುಗಳ ಲೆಕ್ಕ ನೋಡುವ ಹುಡುಗ, ಬಂದು ಫೋಟೋ ತೆಗೆದು, ಇದು ಇಡೀ ಚೆನ್ನೈಗೇ ಮಾದರಿ ಎಂದ. ವಾರ್ಷಿಕ ಸಭೆಯಲ್ಲಿ ಅವಳಿಗೆ ಶಾಲು ಹೊದಿಸಿದರು. ಎಲ್ಲರಿಗಿಂತ ಮೇಲೆ ಸಣ್ಣಮ್ಮ. ಮೊದಲ ಕೆಲವು ವಾರ ಬಿಟ್ಟರೆ ಒಂದು ಗುರುವಾರವೂ ಬೊಟ್ಟು ತಪ್ಪಿಸಿಕೊಳ್ಳದವಳು. ಅದೇ ಕೊಳ್ಳೇಗಾಲದ ಸೀಮೆಯವಳು ಬೇರೆ. ಅವಳ ಮಾವ ರೈಲು ಕಂಬಿ ಹಾಕುವ ಗ್ಯಾಂಗಿನಲ್ಲಿ ಇಲ್ಲಿಗೆ ಬಂದವನು. ಗಂಡ ಸತ್ತು ಹತ್ತು ವರ್ಷವಾಯಿತು. ಬೆಳಗಿನ ಐದೂವರೆಯಿಂದ ಹತ್ತೂವರೆಯವರೆಗೆ ಮನೆ ಮುಂದೆ ನಿಂತು ಇಡ್ಲಿ ಬೇಯಿಸಿ ಮಾರಿದರೆ ಊಟ, ಇಲ್ಲದಿದ್ದರೆ ಇಲ್ಲ. ಆ ಎರಡು ಕಾಲುಗಳೇ ಅವಳ ಆಸ್ತಿ.

ಇದನ್ನೆಲ್ಲ ನೆನೆದುಕೊಂಡು ಮಧ್ಯಾಹ್ನವೆಲ್ಲ ವೆಂಕಟಲಕ್ಷ್ಮಿ ಮನೆಯಲ್ಲಿ ಪಾತ್ರೆ ಕುಕ್ಕಿದಳು. "ಲ್ಯಾಬಿನೋರ ಮೇಲಿನ ಸಿಟ್ಟಿಗೆ ನಮ್ಮ ಬೋಗುಣಿ ಯಾಕೆ ನೆಗ್ಗಬೇಕು?" ಎಂದು ಜಯರಾಮ ಕೇಳಿದ. ಸಂಜೆ ಐದಕ್ಕೆ ಅವಳು ಸಕ್ಕರೆ ನೋಡುವ ಮೀಟರು, ನೋಟುಬುಕ್ಕು ಎತ್ತಿಕೊಂಡು ಹೊರಟಳು. ಸೋಮವಾರವೇ ಹೋಗಿ, ಸಣ್ಣಮ್ಮನ ಬೆರಳು ಚುಚ್ಚಿ, ನೂರ ಹದಿನೈದು ತೋರಿಸಿ, ಆ ಡಾಕ್ಟರ ಮುಖಕ್ಕೆ ಹಿಡಿಯಬೇಕು. ಗೇಟು ಬಿದ್ದಿತ್ತು. ಇಪ್ಪತ್ತೈದು ನಿಮಿಷ ಕಾದಳು.

ಬ್ಲಾಕಿನ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು.

ಅಲ್ಲಿ ಒಂದು ಬಜ್ಜಿ ಗಾಡಿ. ದೊಡ್ಡ ಬಾಣಲೆ, ಕುದಿಯುವ ಎಣ್ಣೆ, ಮೆಣಸಿನಕಾಯಿ ಬಜ್ಜಿ, ಬಾಳೆಕಾಯಿ ಬಜ್ಜಿ, ಬೋಂಡ, ಪಕ್ಕದಲ್ಲಿ ಸಕ್ಕರೆ ಪಾಕದಲ್ಲಿ ಅದ್ದಿದ ಬಾದುಷಾ. ಗಾಡಿಯ ಸುತ್ತ ಅವಳ ಕುಂಕುಮದ ಬೊಟ್ಟಿನವರೆಲ್ಲ ನೆರೆದಿದ್ದರು. ನಾಲ್ಕನೆಯ ಮಹಡಿಯ ಅಂದಾನಿ, ಮೂರು ತಿಂಗಳು ನಿಂಬೆಹಣ್ಣು ಗೆದ್ದವನು, ಪೇಪರಿನ ಮೇಲೆ ಬೋಂಡ ಒತ್ತಿ ಎಣ್ಣೆ ಹೀರಿಸುತ್ತಿದ್ದ. ಸಣ್ಣಮ್ಮನ ಪಕ್ಕದ ಮನೆಯ ಊರ್ಮಿಳಾಳ ಕೈಯಲ್ಲಿ ಬಾದುಷಾ. ಒಬ್ಬೊಬ್ಬರಾಗಿ ಇವಳನ್ನು ನೋಡಿದರು. ಅಗಿಯುವುದು ನಿಂತಿತು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಗಾಡಿಯ ಭೋಜರಾಜನಿಗೆ ಮಾತ್ರ ಇದೇನೂ ತಿಳಿಯದು. ಅವನಿಗೆ ಸಕ್ಕರೆ ಕಾಯಿಲೆಯಿಲ್ಲ, ಹಾಳೆಯಲ್ಲಿ ಹೆಸರೂ ಇಲ್ಲ. ಗಿರಾಕಿ ಬಂದಳೆಂದು ಜಾಲರಿ ಎತ್ತಿದ. "ಬಾ ಅಕ್ಕಾ. ಬಿಸಿ ಬಿಸಿ ಐತೆ. ಯಾವ್ದು ಬೇಕು ಸೊಲ್ಲು."

"ದಿನಾ ಇಡ್ತೀಯಾ ಗಾಡಿ?" ವೆಂಕಟಲಕ್ಷ್ಮಿಯ ದನಿ ತಣ್ಣಗಿತ್ತು.

"ದಿನಾ ಅಕ್ಕಾ. ಬುಧವಾರ ಒಂದಿನ ಲೀವು."

"ಬುಧವಾರ ಯಾಕೆ?"

"ಬುಧವಾರ ಯಾರೂ ತಿನ್ನಲ್ಲ. ಇಡೀ ಬ್ಲಾಕೇ ಒಪ್ಪತ್ತು. ಗುರುವಾರ ಬೆಳಿಗ್ಗೆ ಒಂದಮ್ಮ ಬಂದು ಬೆರಳು ಚುಚ್ತಾರಂತೆ, ಅದ್ಕೆ. ಚುಮ್ಮಾ ಎಣ್ಣೆ ಯಾಕೆ ಕಾಯಿಸ್ಲಿ ಅಂತ ನಾನು ಬೀಚ್ ಕಡೆ ಸುತ್ತಾಡಕ್ಕೆ ಹೋಯ್ತೀನಿ. ಗುರುವಾರ ಸಂಜೆ ನೋಡ್ಬೇಕು ನೀವು, ನಿಂತ್ಕಳಕ್ಕೆ ಜಾಗ ಇರಲ್ಲ."

ಅಂದಾನಿ ಮೆಲ್ಲಗೆ ಮೆಟ್ಟಿಲ ಕಡೆ ಜಾರಿದ. ಊರ್ಮಿಳಾ ಬಾದುಷಾವನ್ನು ಸೆರಗಿನ ಒಳಗೆ ಸೇರಿಸಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಕಣ್ಣು ಮುಚ್ಚಿಕೊಂಡಿದ್ದವಳು ತಾನೇ ಎಂದು ವೆಂಕಟಲಕ್ಷ್ಮಿಗೆ ಆ ಗಳಿಗೆಯಲ್ಲಿ ತಿಳಿಯಿತು. ವಾರಕ್ಕೊಂದು ದಿನ, ಒಂದೇ ಹೊತ್ತು, ಹೇಳಿ ಕೇಳಿ ಬಂದು ಪರೀಕ್ಷೆ ಮಾಡಿದರೆ ಪರೀಕ್ಷೆಗೆ ಓದುವವರು ಓದದೆ ಇರುತ್ತಾರೆಯೇ? ಕೂಗಾಡಲೂ ತೋಚಲಿಲ್ಲ. ನೇರ ಸಣ್ಣಮ್ಮನ ಮನೆಗೆ ನಡೆದಳು.

ಸಣ್ಣಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ನಾಳೆಯ ಉದ್ದಿನಬೇಳೆ ಆರಿಸುತ್ತಿದ್ದಳು. ಕಾಲಿಗೆ ಬಟ್ಟೆ ಸುತ್ತಿತ್ತು. ಇವಳನ್ನು ಕಂಡು ಮುಖ ಅರಳಿತು, ಆಮೇಲೆ ಬಾಡಿತು. "ಇವತ್ತು ಸೋಮವಾರ ಅಲ್ವಾ ಕಣವ್ವ?"

"ಹೌದು, ಸೋಮವಾರ. ಕೈ ಕೊಡಿ."

"ಒಸಿ ತಡಿಯವ್ವ. ಕಾಪಿ ಕುಡಿತೀಯಾ?"

"ಅಕ್ಕಾ, ಕೈ ಕೊಡಿ."

ಸಣ್ಣಮ್ಮ ಕೈ ಕೊಟ್ಟಳು. ಮೀಟರು ಐದು ಸೆಕೆಂಡು ತೆಗೆದುಕೊಂಡಿತು. ಮುನ್ನೂರ ಎಂಬತ್ತೇಳು.

ವೆಂಕಟಲಕ್ಷ್ಮಿಯ ಬಾಯಿ ಆಗ ಬಿಚ್ಚಿತು. ಮಳೆ ಬಿಸಿಲೆನ್ನದೆ ಆ ದರಿದ್ರ ಗೇಟಿನಲ್ಲಿ ನಿಂತಿದ್ದು, ಕೈಯಾರೆ ಮಲ್ಲಿಗೆ ತಂದಿದ್ದು, ಶಾಲು ಹೊದ್ದು ಸಭೆಯಲ್ಲಿ ನಿಂತಿದ್ದು, ಸರ್ಜನ್ ಮುಂದೆ ನೋಟುಬುಕ್ಕು ಹಿಡಿದಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದಳು. ಕೊನೆಗೆ, "ನಂಗೆ ಯಾಕೆ ಮೋಸ ಮಾಡಿದ್ರಿ ಅಕ್ಕಾ?" ಎಂದು ಕೇಳಿದಳು.

ಸಣ್ಣಮ್ಮ ಬೇಳೆಯ ಮೊರವನ್ನು ಪಕ್ಕಕ್ಕಿಟ್ಟಳು. "ನಿಂಗೆ ಮೋಸ ಮಾಡಕ್ಕೆ ನಾನು ಬುಧವಾರ ಮಧ್ಯಾಹ್ನದಿಂದ ಗಂಟ್ಲು ಒಣಗಿಸ್ಕಂಡು ಇರ್ತಿದ್ನಾ? ಮೋಸ ಮಾಡೋರು ಉಪವಾಸ ಇರ್ತಾರಾ?"

"ಮತ್ತೆ ಮಾತ್ರೆ? ದಿನಾ ನುಂಗಿದ್ರೆ ಮುನ್ನೂರ ಎಂಬತ್ತೇಳು ಬರ್ತಿತ್ತಾ?"

"ನುಂಗಿ ಅರ್ಧ ಗಂಟೇಲಿ ಉಣ್ಬೇಕು ಅಂದೆ ನೀನು. ಬೆಳಗಿನ ಯಾಪಾರದಾಗೆ ಉಣ್ಣಕ್ಕೆ ಎಲ್ಲಿ ಪುರುಸೊತ್ತು? ಹತ್ತೂವರೆ ಆಯ್ತದೆ ನಾನು ಒಂದು ತುತ್ತು ಬಾಯಿಗೆ ಹಾಕಕ್ಕೆ. ಒಂದಿನ ನುಂಗ್ಬುಟ್ಟು ಇಡ್ಲಿ ಪಾತ್ರೆ ಎತ್ತೋವಾಗ ಕಣ್ಣು ಕತ್ಲೆ ಬಂದ್ಬುಡ್ತು. ಊರ್ಮಿಳಾ ಹಿಡಕಂಡ್ಳು, ಇಲ್ದಿದ್ರೆ ಕುದಿಯೋ ನೀರು ಮೈಮ್ಯಾಲೆ. ಅವತ್ತಿಂದ ದಿನಾ ನುಂಗದು ಬುಟ್ಟೆ. ಕೂಡಿಟ್ಕಂಡು ಬುಧವಾರ ರಾತ್ರಿ ಎಲ್ಡೆಲ್ಡು ನುಂಗ್ತೀನಿ. ಬೆಳಿಗ್ಗೆ ಹಾಗಲಕಾಯಿ ರಸ ಒಂದು ಲೋಟ."

ವೆಂಕಟಲಕ್ಷ್ಮಿ ತಲೆ ಚಚ್ಚಿಕೊಂಡಳು. "ಉಪವಾಸ ಇದ್ದು ಎರಡೆರಡು ಮಾತ್ರೆ. ರಾತ್ರಿ ಮಲಗಿದಲ್ಲೇ ಹೋಗಿಬಿಟ್ಟಿದ್ರೆ? ನಂಗೆ ಹೇಳ್ಬಾರದಿತ್ತಾ?"

"ಎಂಗೆ ಹೇಳ್ಲಿ? ಮೊದಲ್ನೇ ವಾರ ಇನ್ನೂರ ತೊಂಬತ್ತು ಬಂತಲ್ಲ, ಅವತ್ತು ನಿನ್ನ ಮಕ ನೋಡ್ದೆ. ನಿಮ್ಮತ್ತೆ ಕಾಲು ಹೋದ ಕತೆ ಹೇಳ್ಬುಟ್ಟು ಕಣ್ಣಲ್ಲಿ ನೀರು ತಕ್ಕಂಡೆ. ಅಪ್ಪುರಂ ಒಂದು ವಾರ ನೂರ ಹದಿನೆಂಟು ಬಂತು. ಅವತ್ತು ನೀನು ಕುಣಿಯದೊಂದು ಬಾಕಿ. ನನ್ನ ತಲೆಗೆ ನೀನೇ ಹೂ ಮುಡಿಸ್ದೆ. ಗಂಡ ಹೋದ ಮ್ಯಾಲೆ ನಂಗೆ ಯಾರು ಹೂ ಮುಡಿಸವ್ರೆ ಹೇಳು?"

ವೆಂಕಟಲಕ್ಷ್ಮಿ ಮೊರದ ಪಕ್ಕ ನೆಲಕ್ಕೆ ಕೂತಳು.

"ಇನ್ನೊಂದು ಕೇಳು. ಹತ್ತನೇ ಬ್ಲಾಕಿಗೆ ಒಬ್ಳು ಬತ್ತಿದ್ಲಲ್ಲ ನಿನ್ನಂಗೆ, ಈಗ ಬರಲ್ಲ. ಅಲ್ಲಿಯೋರ ನಂಬರು ಸರಿ ಬರಲ್ಲ, ಮಾತು ಕೇಳಲ್ಲ ಅಂತ ಆಪೀಸಿನೋರು ನಿಲ್ಲಿಸ್ಬುಟ್ರಂತೆ. ನಮ್ಮ ಬ್ಲಾಕಿಗೆ ಯಾರು ಬತ್ತಾರೆ? ಓಟು ಕೇಳೋರು, ಕರೆಂಟು ಕೀಳೋರು. ಚೆನ್ನಾಗಿದ್ದೀಯಾ ಅಂತ ಕೇಳಕ್ಕೆ ಬರೋಳು ನೀನೊಬ್ಳು. ನೀನೂ ನಿಂತೋದ್ರೆ? ಅದ್ಕೆ ಎಲ್ಲಾರೂ ಸೇರಿ ಬುಧವಾರ ಒಪ್ಪತ್ತು ಅಂತ ಮಾಡ್ಕಂಡೊ."

ತನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ವೆಂಕಟಲಕ್ಷ್ಮಿಗೆ ತಿಳಿಯದಾಯಿತು. ಬಜ್ಜಿ ತಿಂದವರ ಮೇಲೋ, ಬಾದಾಮಿಯ ಚಿತ್ರ ಬರೆದವರ ಮೇಲೋ, ನಂಬರು ಕೇಳುವ ಎಗ್ಮೋರಿನ ಮೇಲೋ? ಎಲ್ಲರ ಮೇಲೂ ಇತ್ತು. ಆದರೆ ಕುಂಕುಮದ ಬಟ್ಟಲು ಹಿಡಿದು ಗೋಡೆಯ ಮುಂದೆ ನಿಂತಿದ್ದವಳು ಯಾರು? ಹೊರಗೆ ಬಂದು ಮೆಟ್ಟಿಲ ಕೆಳಗಿನ ಆ ಹಾಳೆಯನ್ನು ಎರಡು ಕೈಯಿಂದ ಎಳೆದಳು. ಅಂಟು ಗಟ್ಟಿಯಾಗಿತ್ತು. ಅರ್ಧ ಹಾಳೆ ಕೈಗೆ ಬಂತು, ಅರ್ಧ ಗೋಡೆಯಲ್ಲೇ ಉಳಿಯಿತು. ಉಗುರಿನಿಂದ ಕೆರೆದಳು. ಮಹಡಿಗಳಿಂದ ಜನ ಬಗ್ಗಿ ನೋಡುತ್ತಿದ್ದರು, ಯಾರೂ ಕೆಳಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಮಾನಸಳ ಮುಂದೆ ನಿಂತಳು. "ಲ್ಯಾಬಿನೋರು ಸರಿಯಾಗೇ ಮಾಡವ್ರೆ ಮೇಡಂ. ತಪ್ಪು ನಂದು," ಎಂದು ಎಲ್ಲವನ್ನೂ ಹೇಳಿದಳು. ಮಾನಸ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನೂ ನೋಟುಬುಕ್ಕನ್ನೇ ನೋಡಿದೆ," ಎಂದಳು ಮಾನಸ. "ಎಷ್ಟು ಗಂಟೆಗೆ ಊಟ ಮಾಡ್ತೀರಿ ಅಂತ ಒಂದು ಮಾತು ಕೇಳಲಿಲ್ಲ."

ಆ ದಿನವೇ ಮಾನಸ ಗೇಟಿನಲ್ಲಿ ಅರ್ಧ ಗಂಟೆ ನಿಂತು ಬ್ಲಾಕಿಗೆ ಬಂದಳು. ಸಣ್ಣಮ್ಮನಿಗೆ ಹತ್ತೂವರೆಯ ಊಟದ ಜೊತೆಗೇ ನುಂಗುವ ಬೇರೆ ಮಾತ್ರೆ, ದಿನಕ್ಕೊಂದು ಇನ್ಸುಲಿನ್ ಇಂಜೆಕ್ಷನ್ ಎಂದು ಗೊತ್ತು ಮಾಡಿದಳು. ವೆಂಕಟಲಕ್ಷ್ಮಿ ಎರಡು ವಾರ ದಿನವೂ ಗೇಟು ದಾಟಿ ಹೋಗಿ ಇಂಜೆಕ್ಷನ್ ಚುಚ್ಚುವುದನ್ನು ಕಲಿಸಿ, ಗಾಯ ತೊಳೆದು ಕಟ್ಟಿದಳು. ಅತ್ತೆಯ ಗಾಯ ಕಟ್ಟಿದ ಕೈಗೆ ಆ ವಾಸನೆ ಹೊಸದೇನಲ್ಲ, ಆದರೂ ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ. ಸರ್ಜನ್ ಕೊಟ್ಟ ಗಡುವು ಬಂತು. ಸಣ್ಣಮ್ಮನ ಕಿರುಬೆರಳನ್ನು ತೆಗೆದರು. ಪಾದ ಉಳಿಯಿತು. ಎರಡು ತಿಂಗಳು ಮೊದಲೇ ಔಷಧಿ ಬದಲಾಯಿಸಿದ್ದರೆ ಬೆರಳೂ ಉಳಿಯುತ್ತಿತ್ತು ಎಂದು ಯಾರೂ ವೆಂಕಟಲಕ್ಷ್ಮಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆಮೇಲೆ ಅವಳು ಗುರುವಾರದ ಜೊತೆಗೆ ಮನಸ್ಸು ಬಂದ ದಿನವೆಲ್ಲ ಹೋಗತೊಡಗಿದಳು. ಹಾಳೆ ಇಲ್ಲ, ಬೊಟ್ಟು ಇಲ್ಲ. ಬಹಳ ಕಷ್ಟವಾದದ್ದು ಮುಖದ ಕೆಲಸ. ಮೀಟರಿನಲ್ಲಿ ಮುನ್ನೂರು ಬಂದರೂ ಹುಬ್ಬು ಏರಬಾರದು, ನೂರು ಬಂದರೂ ಹಲ್ಲು ಕಾಣಬಾರದು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುವಾಗ ಜಯರಾಮ ನೋಡಿಬಿಟ್ಟ. "ಟಿಕೆಟ್ ಕೌಂಟರಿನವನ ಮುಖ ಬಂದಿದೆ, ಸಾಕು," ಎಂದ. ಮಾತ್ರೆ ಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ಬೈಯದೆ ಕೇಳಲು ಕಲಿತಳು. ಅಂದಾನಿಗೆ ಮಾತ್ರೆ ನುಂಗಿದರೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತು, ಕೆಲಸದ ಗೋಡೌನಿನಲ್ಲಿ ಕಕ್ಕಸಿಲ್ಲ, ಅದಕ್ಕೆ ಬಿಟ್ಟಿದ್ದ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು. ಬಣ್ಣದ ಹಾಳೆಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಮೂರು ತಿಂಗಳ ಮೇಲೆ ಪ್ರಮೋದನ ಫೋನು ಬಂತು.

"ಅಕ್ಕಾ, ಏನಾಯ್ತು ನಿಮ್ಮ ಬ್ಲಾಕಿಗೆ? ನೂರಕ್ಕೆ ಎಂಬತ್ತೆರಡು ಜನ ಕಂಟ್ರೋಲಲ್ಲಿದ್ರು. ಈಗ ಇಪ್ಪತ್ತೇಳು."

"ಮೊದಲ್ನೇದು ಸುಳ್ಳು, ಈಗಿಂದು ನಿಜ. ಎಲ್ಲಾ ಬರೆದು ಕಳಿಸಿದ್ನಲ್ಲಪ್ಪ."

"ಓದಿದೆ ಅಕ್ಕಾ. ಆದ್ರೆ ಮುಂದಿನ ಗುರುವಾರ ಟ್ರಸ್ಟಿಗೆ ಹಣ ಸಹಾಯ ಮಾಡೋ ಕೃಷ್ಣರಾಜ ಸರ್ ನೋಡೋಕೆ ಬರ್ತಿದ್ದಾರೆ. ಮುಂದಿನ ವರ್ಷ ಯಾವ ಬ್ಲಾಕ್ ಇಟ್ಕೋಬೇಕು, ಯಾವ್ದು ಬಿಡ್ಬೇಕು ಅಂತ ಅವ್ರೇ ಹೇಳೋದು. ಅವತ್ತೊಂದಿನ ನಂಬರ್ ಸ್ವಲ್ಪ ಚೆನ್ನಾಗಿ ಬರೋ ಹಾಗೆ ನೋಡ್ಕೊಳ್ಳಿ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ವೆಂಕಟಲಕ್ಷ್ಮಿ ಫೋನನ್ನು ನೋಡುತ್ತ ನಿಂತಳು. ಸಣ್ಣಮ್ಮ ಹೆದರಿದ್ದರಲ್ಲಿ ಏನು ತಪ್ಪಿತ್ತು? ಸುಳ್ಳು ಹೇಳಿದಾಗ ಶಾಲು, ನಿಜ ಹೇಳಿದರೆ ಬಾಗಿಲು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಬ್ಲಾಕಿನವರಿಗೆ ಈ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಯಾರ ಬಾಯಿಂದ ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಬುಧವಾರ ಸಂಜೆ ಅವಳು ಗೇಟು ದಾಟಿ ಹೋದಾಗ ತಿರುವಿನಲ್ಲಿ ಗಾಡಿ ಇರಲಿಲ್ಲ. ಗೋಡೆ ಬದಿಗೆ ಟಾರ್ಪಾಲು ಹೊದ್ದು ನಿಂತಿತ್ತು. ಭೋಜರಾಜ ಸ್ನಾನ ಮಾಡಿ, ಇಸ್ತ್ರಿ ಷರ್ಟು ಹಾಕಿಕೊಂಡು ಬೀಚಿಗೆ ಹೊರಟಿದ್ದ.

"ಗಾಡಿ ತೆಗಿ," ಎಂದಳು.

"ಅಕ್ಕಾ, ಇವತ್ತು ಒಪ್ಪತ್ತು ಅಂತ ಮನೆಮನೆಗೆ ಹೇಳವ್ರೆ. ನಾಳೆ ಯಾರೋ ದೊಡ್ಡೋರು..."

"ಗೊತ್ತು. ಒಲೆ ಹಚ್ಚು. ಮೊದಲ್ನೇ ತಟ್ಟೆ ನಂಗೆ."

ಮೂರು ವರ್ಷ ಎಣ್ಣೆ, ಹಿಟ್ಟು, ಸಕ್ಕರೆ ಎಂದು ಗಂಟಲು ಹರಿದುಕೊಂಡವಳು, ಬಜ್ಜಿ ಗಾಡಿಯವನಿಗೆ ಒಲೆ ಹಚ್ಚು ಎಂದು ಗೋಗರೆಯಬೇಕಾಗಿ ಬಂತಲ್ಲ. ತನ್ನ ಹಣೆಬರಹಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಅವಳು ಅಲ್ಲೇ ನಿಂತು, ಎಲ್ಲ ಮಹಡಿಗೂ ಕಾಣುವ ಹಾಗೆ, ಒಂದು ಬಾಳೆಕಾಯಿ ಬಜ್ಜಿ ತಿಂದಳು. ಉಪ್ಪು ಜಾಸ್ತಿಯಾಗಿತ್ತು. ಅದನ್ನೂ ಭೋಜರಾಜನಿಗೆ ಹೇಳಿದಳು. ಆಮೇಲೆ ಒಂದೊಂದು ಮನೆಯ ಬಾಗಿಲು ತಟ್ಟಿ, "ದಿನಾ ಏನು ಉಣ್ತೀರೋ ಅದೇ ಉಣ್ಣಿ. ಎರಡೆರಡು ಮಾತ್ರೆ ನುಂಗಿದೋರ ಮನೆಗೆ ನಾನು ಇನ್ನು ಕಾಲಿಡಲ್ಲ," ಎಂದು ನಾಲ್ಕು ಮಹಡಿ ಏರಿ ಇಳಿದಳು. ಊರ್ಮಿಳಾ ಮಾತ್ರ ಕೇಳಿದಳು. "ನಂಬರು ಕೆಟ್ಟೋದ್ರೆ ಅವ್ರು ನಿಮ್ಮನ್ನ ನಿಲ್ಲಿಸ್ಬುಡ್ತಾರಲ್ಲ ಅಕ್ಕಾ?" ವೆಂಕಟಲಕ್ಷ್ಮಿ ಮುಂದಿನ ಬಾಗಿಲು ತಟ್ಟಿದಳು.

ಗುರುವಾರ ಬೆಳಿಗ್ಗೆ ಏಳಕ್ಕೆ ಪ್ರಮೋದ್ ಕೃಷ್ಣರಾಜರನ್ನು ಕರೆತಂದ. ಇನ್ಶೂರೆನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಬಿಳಿ ಷರ್ಟು, ಮೃದು ಮಾತು. ಮೆಟ್ಟಿಲ ಕೆಳಗೆ ಬೆಂಚು ಹಾಕಿತ್ತು. ಅರ್ಧ ಹರಿದ ಹಾಳೆಯ ಗುರುತು ಗೋಡೆಯಲ್ಲಿ ಇನ್ನೂ ಇತ್ತು. ಯಾರು ಮೊದಲು ಬರುವುದು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ, ಸಣ್ಣಮ್ಮ ಇಡ್ಲಿ ಒಲೆಯನ್ನು ಊರ್ಮಿಳಾಳಿಗೆ ಒಪ್ಪಿಸಿ, ಕುಂಟುತ್ತ ಬಂದು ಬೆಂಚಿನ ಮೇಲೆ ಕೂತು ಕೈ ಚಾಚಿದಳು.

ಮೀಟರು ಐದು ಸೆಕೆಂಡು ತೆಗೆದುಕೊಂಡಿತು. ವೆಂಕಟಲಕ್ಷ್ಮಿ ಮುಖ ಬದಲಾಯಿಸದೆ ಎಲ್ಲರಿಗೂ ಕೇಳುವಂತೆ ಓದಿದಳು. "ನೂರ ತೊಂಬತ್ತೆರಡು."

ಪ್ರಮೋದ್ ನೆಲ ನೋಡಿದ. ಕೃಷ್ಣರಾಜರು ಕನ್ನಡಕ ಸರಿಪಡಿಸಿಕೊಂಡು, "ಸ್ವಲ್ಪ ಜಾಸ್ತಿ ಅಲ್ವೇನಮ್ಮ?" ಎಂದರು. "ಕಳೆದ ವರ್ಷದ ರಿಪೋರ್ಟಲ್ಲಿ ಇವರದೆಲ್ಲ ನೂರ ಹತ್ತು, ನೂರ ಹದಿನೈದು ಅಂತ ಓದಿದ ನೆನಪು."

ವೆಂಕಟಲಕ್ಷ್ಮಿ ಬಾಯಿ ತೆರೆಯುವ ಮೊದಲೇ ಸಣ್ಣಮ್ಮ ಸೀರೆಯ ಅಂಚನ್ನು ಒಂದು ಗೇಣು ಮೇಲಕ್ಕೆತ್ತಿ, ಬಲಗಾಲನ್ನು ಅವರ ಮುಂದೆ ಚಾಚಿದಳು. ಕಿರುಬೆರಳಿದ್ದ ಜಾಗದಲ್ಲಿ ಗಾಯ ಒಣಗಿ ತೊಗಲು ನಯವಾಗಿತ್ತು.

"ನೀವು ಓದಿದ್ದು ಸರಿ ಸಾಮಿ, ಆಗ ನೂರ ಹನ್ನೆರಡೇ ಬತ್ತಿತ್ತು," ಎಂದಳು. "ಅದು ಬತ್ತಾ ಇರೋವಾಗ್ಲೇ ಈ ಬೆರಳು ಹೋಯ್ತು. ಈಗ ನೂರ ತೊಂಬತ್ತೆರಡು ಬತ್ತದೆ. ಉಳಿದಿದ್ದು ಉಳ್ಕಂಡದೆ."

ಕೃಷ್ಣರಾಜರು ಕಾಲನ್ನು ನೋಡಿದರು, ಆಮೇಲೆ ಪ್ರಮೋದನ ಕೈಯಲ್ಲಿದ್ದ ಫೈಲನ್ನು ನೋಡಿದರು. ಅದನ್ನು ಮುಚ್ಚಿಡುವಂತೆ ಸನ್ನೆ ಮಾಡಿದರು. ಬೆಂಚಿನ ತುದಿಯಲ್ಲಿ ಸಣ್ಣಮ್ಮನ ಪಕ್ಕ ಕೂತರು. ವೆಂಕಟಲಕ್ಷ್ಮಿ ನೂರ ತೊಂಬತ್ತೆರಡು ಎಂದು ನೋಟುಬುಕ್ಕಿನಲ್ಲಿ ಬರೆದು, ಮುಂದಿನವರು ಬನ್ನಿ ಎಂದಳು. ಅಂದಾನಿ ಕೈ ಚಾಚಿಕೊಂಡು ಬಂದ.